ಅವನ ‘ಹೂಂ’ ಒಪ್ಪಿಗೆಯೇ?

ಅಂಗವಿಕಲರು ತಮ್ಮ ಬದುಕಿನ ನಿರ್ಧಾರಗಳನ್ನು ತಿಳಿದು, ತಾವೇ ತೆಗೆದುಕೊಳ್ಳಲು ಜೊತೆಗಿರುವವರು ಹೇಗೆ ನೆರವಾಗಬೇಕು? ಈ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ, ಬೌದ್ಧಿಕ ಅಂಗವೈಕಲ್ಯ ಇದೆ. ಅಮ್ಮನಿಗೆ ವಯಸ್ಸಾಯಿತು. ಮುಂದೆ ಅವನು ನನ್ನ ಜೊತೆ ಇರುವುದೋ, ನಾಲ್ಕೈದು ಮಂದಿ ಒಟ್ಟಿಗೆ ವಾಸಿಸುವ ಮನೆಗೆ ಹೋಗುವುದೋ ತೀರ್ಮಾನವಾಗಬೇಕು. ಕೇಳಿದರೆ ಎರಡಕ್ಕೂ ‘ಹೂಂ’ ಅನ್ನುತ್ತಾನೆ. ನಾವೇ ನಿರ್ಧರಿಸಿಬಿಡಬಹುದೇ?

ಉತ್ತರ: ಬೇಡ. ಎರಡಕ್ಕೂ ‘ಹೂಂ’ ಅಂದ ಮಾತ್ರಕ್ಕೆ ಅವನಿಗೆ ತಿಳಿಯುವುದಿಲ್ಲ ಎಂದಾಗದು. ಕೇಳಿದ ರೀತಿ ಅವನಿಗೆ ಒಗ್ಗಿಲ್ಲ, ಅಷ್ಟೇ. ಒಪ್ಪಿದಾಗ ಶಹಬ್ಬಾಸ್, ಒಲ್ಲೆ ಎಂದಾಗ ಬೈಗುಳ ಎಂದು ಬೆಳೆದವರಿಗೆ ‘ಹೂಂ’ ಅನ್ನುವುದೇ ತಾಪತ್ರಯವಿಲ್ಲದ ಉತ್ತರ. ‘ಇದೋ, ಅದೋ’ ಎಂದು ಕೇಳುವುದರಲ್ಲೂ ಒಂದು ತೊಡಕಿದೆ. ಕೊನೆಯಲ್ಲಿ ಕಿವಿಗೆ ಬಿದ್ದದ್ದನ್ನೇ ಹಲವರು ಹೇಳಿಬಿಡುತ್ತಾರೆ. ಇವತ್ತು ‘ಅಕ್ಕನ ಮನೆಯೋ, ಆ ಮನೆಯೋ’ ಎಂದು ಕೇಳಿದ್ದರೆ ಎರಡು ದಿನ ಬಿಟ್ಟು ಹಿಂದುಮುಂದು ಮಾಡಿ ಕೇಳಿ. ಉತ್ತರವೂ ಹಿಂದುಮುಂದಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಷ್ಟಕ್ಕೂ ‘ಎಲ್ಲಿ ಇರುತ್ತೀಯ’ ಎಂಬ ಪ್ರಶ್ನೆಯೇ ತೀರಾ ದೊಡ್ಡದು, ಅದನ್ನು ಒಡೆಯಿರಿ. ಕೋಣೆಯಲ್ಲಿ ಜೊತೆಗೆ ಯಾರು, ಬೆಳಿಗ್ಗೆ ಎಬ್ಬಿಸುವವರು ಯಾರು, ಅಮ್ಮನನ್ನು ನೋಡುವುದು ಯಾವಾಗ, ರಾತ್ರಿ ಲೈಟ್ ಆರಿಸುತ್ತಾರೋ ಇಲ್ಲವೋ. ಒಂದೊಂದಕ್ಕೂ ಒಂದು ಫೋಟೊ ಕಾರ್ಡ್ ಮಾಡಿ. ಸಿಕ್ಕ ಚಿತ್ರ ಬೇಡ, ಆ ಮನೆಯದೇ ಬಾಗಿಲು, ಅದೇ ಮಂಚ ಇರಲಿ. ನೆಲದ ಮೇಲೆ ‘ಇಷ್ಟ’, ‘ಗೊತ್ತಿಲ್ಲ’, ‘ಬೇಡ’ ಎಂದು ಮೂರು ಜಾಗ ಗುರುತಿಸಿ, ಒಂದು ಸಲಕ್ಕೆ ಒಂದೇ ಕಾರ್ಡ್ ಕೈಗೆ ಕೊಡಿ. ಒಂದು ಸಲ ಕೂತಾಗ ಆರರಿಂದ ಎಂಟು ಕಾರ್ಡ್ ಸಾಕು.

ಕಾರ್ಡ್ ಕೊಟ್ಟ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಇದರಷ್ಟು ಕಷ್ಟದ್ದು ಬೇರೆ ಇಲ್ಲ. ನಾಲ್ಕಕ್ಕೆ ಬರುವಷ್ಟರಲ್ಲಿ ನಮ್ಮ ಬಾಯಿ ತಡೆಯದೆ ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತೇವೆ. ಅರ್ಧ ಕೂಡಿಸಿಕೊಂಡಿದ್ದ ಯೋಚನೆ ಚದುರಿ ಅವನು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಕಾರ್ಡ್ ಹಿಡಿದ ಕೈ ನಡುವೆ ನಿಂತು ಕಣ್ಣು ನಿಮ್ಮ ಮುಖದತ್ತ ಬಂತೋ, ಅವನು ಹುಡುಕುತ್ತಿರುವುದು ನಿಮಗೆ ಏನು ಬೇಕು ಎಂಬುದನ್ನು. ಅದಕ್ಕೇ ಎದುರು ಕೂರದೆ ಪಕ್ಕದಲ್ಲಿ ಕೂರಿ. ಈ ತೀರ್ಮಾನ ನಿಮ್ಮ ಮನೆಯನ್ನೂ ತಟ್ಟುತ್ತದೆ, ಹಾಗಾಗಿ ಒಂದು ಸಲವಾದರೂ ಇದರಲ್ಲಿ ಲಾಭ-ನಷ್ಟ ಇಲ್ಲದ ಒಬ್ಬರು ಅವನ ಜೊತೆ ಕೂರಲಿ. ಕೊನೆಗೆ ನೆಲದ ಮೇಲಿನ ಕಾರ್ಡುಗಳ ಫೋಟೊ ತೆಗೆದು ತಾರೀಕು ಬರೆದಿಡಿ. ವಾರ ಬಿಟ್ಟು ಮತ್ತೆ ಮಾಡಿ ಹೋಲಿಸಿ.

ಕಾಣದ ಮನೆಯನ್ನು ಯಾರೂ ಆರಿಸಲಾರರು. ಮೊದಲು ಹಗಲು ಹೋಗಿಬರಲಿ, ಆಮೇಲೆ ಎರಡು-ಮೂರು ರಾತ್ರಿ ಉಳಿದು ನೋಡಲಿ. ‘ಬೇಡ’ದ ಜಾಗದಲ್ಲಿ ಬಿದ್ದ ಕಾರ್ಡುಗಳನ್ನು ಹೆಚ್ಚು ಗಮನಿಸಿ. ಇಡೀ ಮನೆಯನ್ನೇ ಒಲ್ಲೆ ಎನ್ನುವುದರ ಹಿಂದೆ ಆರಿದ ಲೈಟ್ ಒಂದೇ ಇರಬಹುದು. ಅದಕ್ಕೆ ಸಣ್ಣ ದೀಪ ಸಾಕು.

ಪ್ರಶ್ನೆ: ಪಾರ್ಶ್ವವಾಯು ಆದ ಮೇಲೆ ಅಪ್ಪನಿಗೆ ಮಾತು ಸರಿಯಾಗಿ ಬರುವುದಿಲ್ಲ. ‘ಹೌದು’ ಅನ್ನಬೇಕಾದಲ್ಲಿ ‘ಇಲ್ಲ’ ಎಂದುಬಿಡುತ್ತಾರೆ. ಆಪರೇಷನ್‌ಗೆ ಅವರ ಒಪ್ಪಿಗೆ ಪಡೆಯುವುದು ಹೇಗೆ?

ಉತ್ತರ: ಇದು ಅಫೇಸಿಯಾ. ಮೆದುಳಿನ ಭಾಷೆಯ ಭಾಗಕ್ಕೆ ಪೆಟ್ಟು ಬಿದ್ದಾಗ, ಮನಸ್ಸಿನಲ್ಲಿ ‘ಹೌದು’ ಇದ್ದರೂ ಬಾಯಲ್ಲಿ ‘ಇಲ್ಲ’ ಬರಬಹುದು. ಕೇಳಿದ್ದನ್ನು ಅರ್ಥಮಾಡಿಕೊಳ್ಳುವುದೂ ಒಬ್ಬೊಬ್ಬರಿಗೆ ಒಂದೊಂದು ಮಟ್ಟಿಗೆ ಕಷ್ಟವಾಗುತ್ತದೆ. ಮೊದಲು ನಿಮಗೆ ಉತ್ತರ ಗೊತ್ತಿರುವ ಹತ್ತು ಪ್ರಶ್ನೆ ಕೇಳಿ. ಐದಕ್ಕೆ ‘ಹೌದು’, ಐದಕ್ಕೆ ‘ಇಲ್ಲ’ ಬರಬೇಕು, ಕಲಸಿ ಕೇಳಿ. ಬಾಯಿಮಾತು ತಪ್ಪುತ್ತಿದ್ದರೆ ತಲೆಯಾಡಿಸುವುದು, ಹೆಬ್ಬೆರಳು, ಬರೆದಿಟ್ಟ ಕಾರ್ಡ್ ಮುಟ್ಟುವುದು ಇವುಗಳಲ್ಲಿ ಯಾವುದು ತಪ್ಪುವುದಿಲ್ಲ ಎಂದು ಕಂಡುಕೊಂಡು ಅದನ್ನೇ ಬಳಸಿ. ಕಾರ್ಡುಗಳನ್ನು ಎಡ-ಬಲ ಇಡದೆ ಮೇಲೆ-ಕೆಳಗೆ ಇಡಿ, ಏಕೆಂದರೆ ಪಾರ್ಶ್ವವಾಯುವಿನ ನಂತರ ಒಂದು ಬದಿ ಗಮನಕ್ಕೇ ಬಾರದಿರುವುದುಂಟು. ಟಿವಿ ಆರಿಸಿ, ಕನ್ನಡಕ ಹಾಕಿಸಿ. ಆಮೇಲೆ ‘ಆಪರೇಷನ್ ಬೇಕು, ಸರಿಯೇ?’ ಎಂದೂ, ಸ್ವಲ್ಪ ಹೊತ್ತು ಬಿಟ್ಟು ‘ಆಪರೇಷನ್ ಬೇಡ, ಸರಿಯೇ?’ ಎಂದೂ ಕೇಳಿ. ಎರಡು ಉತ್ತರಗಳೂ ಒಂದಕ್ಕೊಂದು ವಿರುದ್ಧವಾಗಿರಬೇಕು. ಒಂದೇ ಬಂದರೆ ಅವತ್ತಿಗೆ ಸಹಿ ಹಾಕಿಸಬೇಡಿ. ತುರ್ತಿಲ್ಲದಿದ್ದರೆ ವಾಕ್ ಚಿಕಿತ್ಸಕರನ್ನು ಜೊತೆಗಿಟ್ಟುಕೊಂಡು ಇನ್ನೊಂದು ದಿನ ಕೇಳಿ.

ಪ್ರಶ್ನೆ: ನನಗೆ ಕಣ್ಣು ಕಾಣಿಸುವುದಿಲ್ಲ. ಕಾಗದಪತ್ರಕ್ಕೆ ಸಹಿ ಮಾಡುವ ಕಡೆಯೆಲ್ಲ ಜೊತೆಗೆ ಬಂದವರಿಗೇ ವಿವರಿಸುತ್ತಾರೆ.

ಉತ್ತರ: ಹಿಂದಿನ ದಿನವೇ ಕಾಗದಪತ್ರವನ್ನು ಪಠ್ಯದ ಫೈಲ್ ಆಗಿ ಕಳಿಸಲು ಕೇಳಿ. ಸ್ಕ್ಯಾನ್ ಮಾಡಿದ್ದು ಬರೀ ಚಿತ್ರ, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ನೇರವಾಗಿ ಓದಲಾರದು. ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ತಂತ್ರ) ಮಾಡಿಸಿದ್ದಾದರೆ ಅಂಕಿಗಳನ್ನೂ ತಾರೀಕುಗಳನ್ನೂ ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ. ಖಾಲಿ ಬಿಟ್ಟ ಜಾಗ ಎಲ್ಲೆಲ್ಲಿದೆ ಎಂದು ಕೇಳಿ, ಅಲ್ಲೆಲ್ಲ ಗೆರೆ ಎಳೆಸಿದ ಮೇಲೆಯೇ ಸಹಿ ಮಾಡಿ. ಜೊತೆಗೆ ಬಂದವರಿಗೆ ‘ಅವರನ್ನೇ ಕೇಳಿ’ ಎಂಬ ಒಂದು ಮಾತು ಬಿಟ್ಟು ಬೇರೇನೂ ಹೇಳಬಾರದೆಂದು ಮೊದಲೇ ತಿಳಿಸಿ.

ಪ್ರಶ್ನೆ: ಮಗಳಿಗೆ 22 ವರ್ಷ, ಕಲಿಕೆ ನಿಧಾನ. ಕೂಡಿಟ್ಟ ಸಂಬಳವನ್ನೆಲ್ಲ ಒಂದು ಫೋನಿಗೆ ಸುರಿಯುತ್ತೇನೆ ಎನ್ನುತ್ತಾಳೆ. ತಡೆಯಬಾರದೇ?

ಉತ್ತರ: 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಕಾನೂನಿನ ಮುಂದೆ ಆಕೆಯ ಮಾತಿಗೂ ನಿಮ್ಮ ಮಾತಿಗೂ ಒಂದೇ ತೂಕ ಕೊಡುತ್ತದೆ. ನಮಗೆ ಹಿಡಿಸದ ನಿರ್ಧಾರ ಬೇರೆ, ತಿಳಿಯದೆ ಮಾಡಿದ ನಿರ್ಧಾರ ಬೇರೆ. ನಿಮ್ಮ ಪಾಲಿನ ಕೆಲಸ ಎರಡನೆಯದು ಆಗದಂತೆ ನೋಡಿಕೊಳ್ಳುವುದು. ದುಡ್ಡನ್ನು ನೋಟುಗಳಲ್ಲಿ ಮೇಜಿನ ಮೇಲಿಡಿ. ಫೋನಿಗೆ ಬೇಕಾದಷ್ಟನ್ನು ಅವಳೇ ಎಣಿಸಿ ಪಕ್ಕಕ್ಕೆ ಸರಿಸಲಿ. ಬಸ್ಸಿಗೆ, ಬಟ್ಟೆಗೆ ಎಷ್ಟು ಉಳಿಯಿತು ಎಂದು ಅವಳ ಬಾಯಲ್ಲೇ ಹೇಳಿಸಿ. ಕಡಿಮೆ ಬೆಲೆಯ ಫೋನನ್ನೂ ಕೈಯಲ್ಲಿ ಹಿಡಿದು ನೋಡಲಿ. ಎರಡು ದಿನ ಬಿಟ್ಟು ಕೇಳಿ. ಆಗಲೂ ಅದೇ ಬೇಕೆಂದರೆ, ಕೊಳ್ಳಲಿ.