ಆ ವ್ಯಾಪಾರ ಮುರಿದುಬೀಳಲಿ ಅಂತ ಹರಕೆ ಹೊತ್ತವರು

ಆಟ-ಪಾಠ: ಓದುಗರ ಪ್ರಶ್ನೆಗಳಿಗೆ ನಿವೃತ್ತ ಪಿಟಿ ಮೇಷ್ಟ್ರ ಉತ್ತರ

ಪ್ರಶ್ನೆ: ನನ್ನ ಮಗ ಅಮೆರಿಕದ ಸ್ಯಾಕ್ರಮೆಂಟೊ ಹತ್ತಿರ ಇದ್ದಾನೆ. ಮೊನ್ನೆ ಫೋನಿನಲ್ಲಿ ಬಾಸ್ಕೆಟ್‌ಬಾಲ್ ಮಾತು ಬಂತು. 2013ರಲ್ಲಿ ಅವರೂರಿನ ಕಿಂಗ್ಸ್ ತಂಡವನ್ನು ಸಿಯಾಟಲ್‌ಗೆ ಒಯ್ಯುವವರಿದ್ದರಂತೆ. ಆ ವ್ಯಾಪಾರ ಕೆಟ್ಟುಹೋಗಲಿ ಅಂತ ಇವನೂ ಇವನ ಸ್ನೇಹಿತರೂ ದಿನಾ ಬೇಡಿಕೊಳ್ಳುತ್ತಿದ್ದರಂತೆ. ಕೂಡಿಬಂದ ಮದುವೆ ಮುರಿಯಲಿ ಅಂದ ಹಾಗಾಯಿತು, ಅಲ್ವಾ ಮೇಷ್ಟ್ರೇ? ಇದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮದುವೆ ಅಂದಿರಲ್ಲ, ಈ ಮದುವೆಯಲ್ಲಿ ಹುಡುಗಿಯನ್ನು ಯಾರೂ ಕೇಳಿಯೇ ಇರಲಿಲ್ಲ ಸ್ವಾಮಿ! ಹಾಗಾಗಿ ನಿಮ್ಮ ಮಗನನ್ನು ಬೈಯಬೇಡಿ. ಆ ವರ್ಷ ಏಪ್ರಿಲ್-ಮೇ ಹೊತ್ತಿಗೆ ನಾನೂ ಅಲ್ಲೇ ಇದ್ದೆ, ಫಾಲ್ಸಮ್‌ನಲ್ಲಿ, ಮಗಳ ಮನೆಯಲ್ಲಿ. ಇಂಟೆಲ್ ಕಂಪನಿ ಇರುವ ಊರು, ನಮ್ಮವರು ಜಾಸ್ತಿ. ಮೊಮ್ಮಗನನ್ನು ನೋಡಿಕೊಳ್ಳಲು ಹೋದವನು ಬಾಸ್ಕೆಟ್‌ಬಾಲ್ ಪಂಚಾಯ್ತಿಯಲ್ಲಿ ಮುಳುಗಿಬಿಟ್ಟೆ.

ಪಕ್ಕದ ಮನೆಯಲ್ಲಿ ಅಂಚೆ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಅವರ ಗ್ಯಾರೇಜಿನಲ್ಲಿ ಒಂದು ದನದ ಗಂಟೆ ನೇತಾಡುತ್ತಿತ್ತು. ಇವರ ಮನೆಯಲ್ಲಿ ದನ ಎಲ್ಲಿ ಅಂತ ನನಗೆ ಆಶ್ಚರ್ಯ. ಕೈಗೆ ತೆಗೆದುಕೊಂಡು ನೋಡಿದೆ. ಹಿಡಿಗೆ ನೇರಳೆ ಬಣ್ಣದ ಟೇಪು ಸುತ್ತಿತ್ತು. ಒಳಗಿನ ನಾಲಿಗೆ ಬಡಿದು ಬಡಿದು ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಅಲ್ಲಾಡಿಸಿದೆ ನೋಡಿ, ಮಲಗಿದ್ದ ಮೊಮ್ಮಗ ಈಚೆ ಮನೆಯಲ್ಲಿ ಎದ್ದು ಕೂತ! ಹಿಂದೊಮ್ಮೆ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಕೋಚ್ ಫಿಲ್ ಜ್ಯಾಕ್ಸನ್ ಸ್ಯಾಕ್ರಮೆಂಟೊವನ್ನು ದನಗಳ ಊರು ಅಂತ ಹೀಯಾಳಿಸಿದ್ದರು. ಹೌದಪ್ಪ, ದನದ ಊರೇ ಅಂತ ಜನ ಗಂಟೆ ತಂದು ಲೇಕರ್ಸ್ ಕಿವಿ ಪಕ್ಕದಲ್ಲೇ ಬಾರಿಸಿದರು. ಊರಾಚೆ ಭತ್ತದ ಗದ್ದೆಗಳ ಕಡೆ ಇದ್ದ ಆರ್ಕೊ ಅರೇನಾ, ಹದಿನೇಳು ಸಾವಿರ ಜನ ಹಿಡಿಸುವ ಜಾಗ. ಅಲ್ಲಿ ಆಡಲು ಬಂದವರಿಗೆ ಪಕ್ಕದವನ ಮಾತು ಕೇಳಿಸುತ್ತಿರಲಿಲ್ಲವಂತೆ.

ಸ್ಯಾಕ್ರಮೆಂಟೊ ಕ್ಯಾಲಿಫೋರ್ನಿಯಾದ ರಾಜಧಾನಿಯೇನೋ ಹೌದು. ಆದರೆ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಮುಂದೆ ಅದನ್ನು ಕೇಳುವವರಾರು? ಅಲ್ಲಿಯವರಿಗೆ ದೊಡ್ಡ ಲೀಗಿನಲ್ಲಿ ಇದ್ದದ್ದು ಕಿಂಗ್ಸ್ ಒಂದೇ ತಂಡ. ಅದು ಹೋದರೆ ಟಿವಿಯಲ್ಲಿ ಊರಿನ ಹೆಸರು ಬರುವುದು ಚುನಾವಣೆ, ಬಜೆಟ್ ಗಲಾಟೆಗೆ ಮಾತ್ರ.

ಆ ತಂಡವೂ ಅವರೂರಿನಲ್ಲಿ ಹುಟ್ಟಿದ್ದಲ್ಲ. ರಾಚೆಸ್ಟರ್‌ನಲ್ಲಿ ಶುರುವಾಗಿ, ಅಲ್ಲಿದ್ದಾಗ 1951ರಲ್ಲಿ ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್, ಗೆದ್ದು, ಸಿನ್ಸಿನಾಟಿಗೆ ಹೋಗಿ, ಕ್ಯಾನ್ಸಸ್ ಸಿಟಿಗೆ ಹೋಗಿ, 1985ರಲ್ಲಿ ಸ್ಯಾಕ್ರಮೆಂಟೊಗೆ ಬಂತು. ಕ್ಯಾನ್ಸಸ್ ಸಿಟಿಯಲ್ಲೂ ಯಾರೋ ಅತ್ತಿರಬೇಕು. ಈ ಮಾತನ್ನು ಪಕ್ಕದ ಮನೆಯ ಹಿರಿಯರಿಗೆ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. ದಿನಾ ಅವರ ಮನೆಯಿಂದ ಬರುತ್ತಿದ್ದ ನಿಂಬೆಹಣ್ಣು ಎರಡು ದಿನ ಬರಲಿಲ್ಲ.

2013ರದ್ದು ಮೊದಲ ಕಂಟಕವೂ ಅಲ್ಲ. ತಂಡ ಮಲೂಫ್ ಸಹೋದರರ ಕೈಯಲ್ಲಿತ್ತು, ಲಾಸ್ ವೇಗಸ್‌ನಲ್ಲಿ ಕ್ಯಾಸಿನೊ ನಡೆಸಿದ ಕುಟುಂಬ. 2011ರಲ್ಲಿ ಅವರು ತಂಡವನ್ನು ಲಾಸ್ ಏಂಜಲೀಸ್ ಪಕ್ಕದ ಅನಹೈಮ್‌ಗೆ ಒಯ್ಯಲು ಹೊರಟರು. ಆ ವರ್ಷ ಏಪ್ರಿಲ್ 13ರಂದು ಸೀಸನ್ನಿನ ಕೊನೆಯ ಪಂದ್ಯ. ಎದುರಾಳಿ ಅದೇ ಲೇಕರ್ಸ್! ಇಪ್ಪತ್ತು ಪಾಯಿಂಟ್ ಹಿಂದೆ ಬಿದ್ದಿದ್ದ ಕಿಂಗ್ಸ್ ಎದ್ದು ಬಂದು ಮುಂದೆ ಹೋಯಿತು. ಕೊನೆಗಳಿಗೆಯಲ್ಲಿ ಲೇಕರ್ಸ್‌ನ ಕೋಬಿ ಬ್ರಯಂಟ್ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಸೋಲು. ಆಟ ಮುಗಿದರೂ ಜನ ಏಳಲಿಲ್ಲ. ನಾವು ಇಲ್ಲೇ ಇರುತ್ತೇವೆ ಅಂತ ಕೂಗುತ್ತಾ ಕೂತರು. ಕಾಮೆಂಟರಿ ಹೇಳುವವರಿಗೇ ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ನಮ್ಮ ಅಳಿಯಂದಿರು ಅದನ್ನು ಯೂಟ್ಯೂಬಿನಲ್ಲಿ ತೋರಿಸಿದರು, ತೋರಿಸುತ್ತಾ ಅವರ ಕಣ್ಣೂ ಒದ್ದೆ.

ಆ ಸಲ ಊರಿನ ಮೇಯರ್ ಕೆವಿನ್ ಜಾನ್ಸನ್ ನ್ಯೂಯಾರ್ಕಿಗೆ ಹೋಗಿ ಲೀಗಿನವರ ಎದುರು ವಾದ ಮಾಡಿದರು. ಅವರೇ ಹಳೆಯ ಎನ್‌ಬಿಎ ಆಟಗಾರ, ಮಾತು ನಡೆಯಿತು. ಮೇ ತಿಂಗಳಲ್ಲಿ ಮಲೂಫ್‌ಗಳು, ಸರಿ, ಇನ್ನೊಂದು ವರ್ಷ ಇರುತ್ತೇವೆ ಅಂದರು. 2012ರಲ್ಲಿ ಹೊಸ ಕ್ರೀಡಾಂಗಣಕ್ಕೆ ಕೈಕುಲುಕಿ, ಎರಡೇ ತಿಂಗಳಲ್ಲಿ ಹಿಂದೆ ಸರಿದರು. ಕೊನೆಗೆ 2013ರ ಜನವರಿಯಲ್ಲಿ ತಮ್ಮ ಪಾಲನ್ನು ಸಿಯಾಟಲ್‌ನ ಕ್ರಿಸ್ ಹ್ಯಾನ್ಸನ್ ಮತ್ತು ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ ಗುಂಪಿಗೆ ಮಾರಲು ಒಪ್ಪಂದವನ್ನೇ ಮಾಡಿಕೊಂಡರು. ತಂಡದ ಬೆಲೆ 52.5 ಕೋಟಿ ಡಾಲರ್ ಅಂತ ಲೆಕ್ಕ. ಕಾಗದ ಆಗಿದೆ, ದುಡ್ಡು ರೆಡಿ, ಲೀಗ್ ಹೂಂ ಅನ್ನುವುದೊಂದೇ ಬಾಕಿ. ನಿಮ್ಮ ಮಗ ಬೇಡಿಕೊಳ್ಳದೆ ಇನ್ನೇನು ಮಾಡಬೇಕಿತ್ತು?

ಪ್ರಶ್ನೆ: ತಂಡ ಕೇಳಿದ ಸಿಯಾಟಲ್‌ನವರ ತಪ್ಪೇನು? ಅವರಿಗೂ ಆಸೆ ಇರುವುದಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದು ತಪ್ಪೂ ಇಲ್ಲ. ಈ ಕಥೆಯಲ್ಲಿ ನನಗೆ ಜಾಸ್ತಿ ಸಂಕಟ ಆಗುವುದೇ ಅಲ್ಲಿ. ಸಿಯಾಟಲ್‌ಗೆ 1967ರಿಂದ ಸೂಪರ್‌ಸಾನಿಕ್ಸ್ ಅಂತ ಸ್ವಂತ ತಂಡ ಇತ್ತು. 1979ರಲ್ಲಿ ಚಾಂಪಿಯನ್. 2006ರಲ್ಲಿ ಸ್ಟಾರ್‌ಬಕ್ಸ್‌ನ ಹೊವರ್ಡ್ ಶುಲ್ಟ್ಸ್ ಅದನ್ನು ಓಕ್ಲಹೋಮಾ ಸಿಟಿಯ ಕ್ಲೇ ಬೆನೆಟ್ ಗುಂಪಿಗೆ 35 ಕೋಟಿ ಡಾಲರಿಗೆ ಮಾರಿದರು. ಮುಂದೇನು ಅಂತ ಮಕ್ಕಳೂ ಊಹಿಸಬಹುದು. ಹೊಸ ಕ್ರೀಡಾಂಗಣ ಕಟ್ಟಿಕೊಡಿ ಅಂದರು, ಆಗಲಿಲ್ಲ. ಕ್ರೀಡಾಂಗಣದ ಕರಾರು ಇನ್ನೂ ಎರಡು ವರ್ಷ ಇತ್ತು. 2008ರ ಜುಲೈನಲ್ಲಿ ನಗರಕ್ಕೆ 4.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡು ಗಂಟುಮೂಟೆ ಕಟ್ಟಿದರು. ಹೆಸರು, ಬಣ್ಣ ಮಾತ್ರ ಸಿಯಾಟಲ್‌ನಲ್ಲೇ ಉಳಿದವು. ಮುಂದೆ ದೊಡ್ಡ ತಾರೆಯಾದ ಕೆವಿನ್ ಡುರಾಂಟ್, ಆಗಿನ್ನೂ ಹತ್ತೊಂಬತ್ತರ ಹುಡುಗ, ಅವನೂ ಹೋದ. ಅದೇ ತಂಡ ಓಕ್ಲಹೋಮಾ ಸಿಟಿ ಥಂಡರ್ ಆಗಿ 2025ರಲ್ಲಿ ಚಾಂಪಿಯನ್ ಆಯಿತು. ಸಿಯಾಟಲ್‌ನವರ ಹೊಟ್ಟೆ ಎಷ್ಟು ಉರಿದಿರಬೇಡ!

ನಮ್ಮ ಅಳಿಯಂದಿರ ಸ್ವಂತ ಅಣ್ಣ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದರು. ಹಸಿರು-ಹಳದಿ ಸಾನಿಕ್ಸ್ ಬನಿಯನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಮಾಡಿಟ್ಟಿದ್ದರು ಪುಣ್ಯಾತ್ಮರು. ಒಂದೇ ತಾಯಿಯ ಮಕ್ಕಳು, ಅಣ್ಣನಿಗೆ ವ್ಯಾಪಾರ ಆಗಬೇಕು, ತಮ್ಮನಿಗೆ ಮುರಿಯಬೇಕು. ವಾರದ ಫೋನ್ ಮಾತಿನಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಮೇ 15ಕ್ಕೆ ಡಲ್ಲಾಸ್‌ನಲ್ಲಿ ಲೀಗಿನ ತೀರ್ಮಾನ ಬಂತು, ತಂಡ ಸ್ಯಾಕ್ರಮೆಂಟೊದಲ್ಲೇ ಇರಲಿ ಅಂತ. ಅಣ್ಣನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಮ್ಮ ಅಂದು ಫೋನ್ ಮಾಡಲಿಲ್ಲ. ನನ್ನ ಮಗಳು ವಾರಗಿತ್ತಿಗೆ ಫೋನ್ ಮಾಡಿ, ಮಕ್ಕಳ ಪರೀಕ್ಷೆ ಹೇಗಾಯಿತು ಅಂತ ಕೇಳಿದಳು.

ಪ್ರಶ್ನೆ: ಮಾಲೀಕನೇ ಮಾರುತ್ತೇನೆ ಅಂದಮೇಲೆ ತಡೆಯಲು ಲೀಗ್ ಯಾರು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎನ್‌ಬಿಎ ಅಂದರೆ ಮೂವತ್ತು ಮಾಲೀಕರ ಕೂಟ. ತಂಡ ಮಾರಬೇಕಾದರೆ ಅವರಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಊರು ಬದಲಿಸಲು ಬಹುಮತ ಸಾಕು. 2013ರ ಏಪ್ರಿಲ್ 29ರಂದು ಲೀಗಿನ ಸಮಿತಿ ಸ್ಥಳಾಂತರ ಬೇಡ ಅಂತ ಒಮ್ಮತದಿಂದ ಹೇಳಿತು. ಆಮೇಲೆ ಮಾಲೀಕರ ಮತ: ಬೇಡ ಅಂದವರು 22, ಬೇಕು ಅಂದವರು 8.

ಪ್ರಶ್ನೆ: ಸುಮ್ನೆ ಕೂಗಿದರೆ ತಂಡ ಉಳಿಯುತ್ತದೆಯೇ ಮೇಷ್ಟ್ರೇ? ದುಡ್ಡೇ ಉಳಿಸಿದ್ದು ಅನ್ನಿ.
– ಓದುಗರೊಬ್ಬರು, ತುಮಕೂರು

ಉತ್ತರ: ಒಪ್ಪಿದೆ, ಮುಕ್ಕಾಲು. ಕೂಗು ಕೊಟ್ಟದ್ದು ಕಾಲಾವಕಾಶ. 2011ರಲ್ಲಿ ಜನ ಎದ್ದು ಮನೆಗೆ ಹೋಗಿದ್ದರೆ 2013ರ ಜಗಳವೇ ಇರುತ್ತಿರಲಿಲ್ಲ, ತಂಡ ಆಗಲೇ ಅನಹೈಮ್‌ನಲ್ಲಿರುತ್ತಿತ್ತು. ಆದರೆ ತೀರ್ಮಾನ ಮಾಡಿದ್ದು ಕ್ರೀಡಾಂಗಣ. ಆ ವರ್ಷ ಮಾರ್ಚ್‌ನಲ್ಲಿ ನಗರ ಸಭೆ ಊರ ನಡುವೆ ಹೊಸ ಕ್ರೀಡಾಂಗಣಕ್ಕೆ 7-2ರಿಂದ ಒಪ್ಪಿಗೆ ಕೊಟ್ಟಿತು. ಆಗಿನ ಅಂದಾಜು ಸುಮಾರು 44.8 ಕೋಟಿ ಡಾಲರ್. ಅದರಲ್ಲಿ ನಗರದ ಪಾಲು 25.8 ಕೋಟಿ. ಅರ್ಧಕ್ಕಿಂತ ಜಾಸ್ತಿ! ಪಾರ್ಕಿಂಗ್ ವಸೂಲಿಯ ಮೇಲೆ ಸಾಲ ಎತ್ತುವುದು ಅಂತ ಏರ್ಪಾಡು. 2006ರಲ್ಲಿ ಇದೇ ಸ್ಯಾಕ್ರಮೆಂಟೊ ಜಿಲ್ಲೆಯ ಮತದಾರರು ಕ್ರೀಡಾಂಗಣಕ್ಕಾಗಿ ತೆರಿಗೆ ಏರಿಸಬೇಡಿ ಅಂತ ಮತ ಹಾಕಿ ಓಡಿಸಿದ್ದರು. ಈ ಸಲ ಮತಕ್ಕೇ ಹಾಕಲಿಲ್ಲ.

ಇನ್ನೊಂದು ತಮಾಷೆ ನೋಡಿ. ಸಮಿತಿ ಬೇಡ ಅಂದಮೇಲೆ ಸಿಯಾಟಲ್ ಗುಂಪು ಬೆಲೆಯನ್ನು 62.5 ಕೋಟಿಗೆ ಏರಿಸಿತು. ತಂಡವನ್ನು ಊರಲ್ಲೇ ಉಳಿಸಿಕೊಳ್ಳಲು ಮುಂದೆ ಬಂದಿದ್ದ ಸ್ಯಾಕ್ರಮೆಂಟೊ ಗುಂಪಿನದು 53.5 ಕೋಟಿ. ಕಡಿಮೆ ಕೊಟ್ಟವರು ಗೆದ್ದರು. ಯಾಕೆ? ಸರ್ಕಾರಿ ದುಡ್ಡು ಹಾಕುವ ಊರಿನ ಕೈ ಬಿಟ್ಟರೆ ನಾಳೆ ಬೇರೆ ಯಾವ ಊರು ಹಾಕುತ್ತದೆ? ನನ್ನ ತಿಳುವಳಿಕೆಯ ಲೆಕ್ಕ ಇಷ್ಟೇ, ಮಾಲೀಕರು ನೋಡಿದ್ದು ಗಂಟೆಯನ್ನಲ್ಲ, ಗಲ್ಲಾಪೆಟ್ಟಿಗೆಯನ್ನು. ಅಭಿಮಾನಿಗಳ ಪ್ರೀತಿ ನಿಜವಾದದ್ದೇ. ಆ ಪ್ರೀತಿಗೆ ಬಿಲ್ ಬಂತು, ಆಟ ನೋಡದವರೂ ಕಟ್ಟಿದರು. ಅಳಿಯಂದಿರ ಮುಂದೆ ಇದನ್ನು ಹೇಳಿದರೆ ಈಗಲೂ ಮಾತು ಬದಲಿಸುತ್ತಾರೆ.

ಸೋತ ಹ್ಯಾನ್ಸನ್ ಮಾಡಿದ್ದೂ ದೊಡ್ಡ ಕೆಲಸವೇನಲ್ಲ. ಸ್ಯಾಕ್ರಮೆಂಟೊ ಕ್ರೀಡಾಂಗಣದ ವಿರುದ್ಧ ಸಹಿ ಸಂಗ್ರಹಿಸುವವರಿಗೆ ಗುಟ್ಟಾಗಿ ದುಡ್ಡು ಕೊಟ್ಟು ಸಿಕ್ಕಿಬಿದ್ದರು. ಕ್ಷಮೆ ಕೇಳಿದರು, 50,000 ಡಾಲರ್ ದಂಡ ತೆತ್ತರು. ಬಾಲ್ಮರ್ ಮರುವರ್ಷ 200 ಕೋಟಿ ಡಾಲರ್ ಕೊಟ್ಟು ಲಾಸ್ ಏಂಜಲೀಸ್‌ನ ಇನ್ನೊಂದು ಎನ್‌ಬಿಎ ತಂಡ ಕ್ಲಿಪ್ಪರ್ಸ್ ಕೊಂಡರು.

ಪ್ರಶ್ನೆ: ಆ ತಂಡ ಉಳಿಸಿದವರು ಭಾರತೀಯರಂತೆ, ಹೌದಾ? ತಂಡ ಚೆನ್ನಾಗಿ ಆಡಿತಾ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಹೌದಮ್ಮ. ವಿವೇಕ್ ರಣದಿವೆ, ಮುಂಬೈನಲ್ಲಿ ಹುಟ್ಟಿದವರು, ಎಂಐಟಿಯಲ್ಲಿ ಓದಿ ಟಿಬ್ಕೊ ಅನ್ನುವ ಸಾಫ್ಟ್‌ವೇರ್ ಕಂಪನಿ ಕಟ್ಟಿದವರು. ಮಗಳ ತಂಡಕ್ಕೆ ಕೋಚ್ ಆಗಿದ್ದರು, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಅನ್ನುವ ಬೇರೆ ಎನ್‌ಬಿಎ ತಂಡದಲ್ಲಿ ಪಾಲೂ ಇತ್ತು. ಕಿಂಗ್ಸ್‌ಗಾಗಿ ಆ ಪಾಲು ಬಿಟ್ಟರು. 2019ರ ಅಕ್ಟೋಬರಿನಲ್ಲಿ ಭಾರತದ ಮೊದಲ ಎನ್‌ಬಿಎ ಪಂದ್ಯಗಳು ಮುಂಬೈನ ವರ್ಲಿಯಲ್ಲಿ ನಡೆದಾಗ ಆಡಿದ್ದು ಇದೇ ಕಿಂಗ್ಸ್, ಎದುರು ಇಂಡಿಯಾನಾ ಪೇಸರ್ಸ್. ಎರಡೂ ಪಂದ್ಯ ಕಿಂಗ್ಸ್ ಸೋತಿತು.

ಆಟ ಕೇಳಬೇಡ. 2006ರ ನಂತರ ಪ್ಲೇಆಫ್ ಕಂಡದ್ದು 2023ರಲ್ಲಿ. ಸತತ 16 ಸೀಸನ್ ಹೊರಗೆ, ಎನ್‌ಬಿಎಯಲ್ಲೇ ಅತಿ ಉದ್ದದ ಬರಗಾಲ. ಅಲ್ಲೂ ವಾರಿಯರ್ಸ್ ಕೈಯಲ್ಲಿ ಸರಣಿಯ ಕೊನೆಯ, ಏಳನೇ ಪಂದ್ಯದಲ್ಲಿ ಸೋತರು. ಗೆದ್ದ ರಾತ್ರಿ ಕ್ರೀಡಾಂಗಣದ ಚಾವಣಿಯಿಂದ ಆಕಾಶಕ್ಕೆ ನೇರಳೆ ಬೆಳಕು ಬಿಡುತ್ತಾರೆ. ಬೆಳಕು ನೋಡಿದರೆ ಸಾಕು, ಸ್ಕೋರು ಕೇಳಬೇಕಾಗಿಲ್ಲ.

ಈಗ ಇದನ್ನೂ ಕೇಳು. ಬೇಸ್‌ಬಾಲ್‌ನ ಅಥ್ಲೆಟಿಕ್ಸ್ ತಂಡ ಓಕ್ಲಂಡ್ ಬಿಟ್ಟು ಲಾಸ್ ವೇಗಸ್‌ಗೆ ಹೊರಟಾಗ ಅಲ್ಲಿಯ ಅಭಿಮಾನಿಗಳೂ ಇದು ಮುರಿಯಲಿ ಅಂತ ಬೇಡಿಕೊಂಡರು. ತಂಡ ಮಾರು ಅಂತ ಮಾಲೀಕನಿಗೆ ಹೇಳಲು 2023ರ ಜೂನ್ 13ರಂದು ಖಾಲಿ ಹೊಡೆಯುವ ಕ್ರೀಡಾಂಗಣಕ್ಕೆ 27,759 ಜನ ಬಂದರು. ಫಲ ಸಿಗಲಿಲ್ಲ. ವೇಗಸ್‌ನಲ್ಲಿ ಕ್ರೀಡಾಂಗಣ ಸಿದ್ಧವಾಗುವವರೆಗೆ ಅಂತ ಅದು 2025ರಿಂದ ಆಡುತ್ತಿರುವುದು ಪಶ್ಚಿಮ ಸ್ಯಾಕ್ರಮೆಂಟೊದಲ್ಲಿ, ರಣದಿವೆ ಅವರ ಮೈದಾನದಲ್ಲಿ. ಊರು ಬಿಟ್ಟು ಹೋಗಬೇಡಿ ಅಂತ ಗಂಟೆ ಬಾರಿಸಿದವರ ಅಂಗಳದಲ್ಲೇ ಊರು ಬಿಟ್ಟು ಬಂದ ತಂಡ!

ಪ್ರಶ್ನೆ: ನಮ್ಮ ಬೆಂಗಳೂರು ಬುಲ್ಸ್ ಹೀಗೆ ಬೇರೆ ಊರಿಗೆ ಹೋದರೆ ಏನು ಮಾಡೋಣ?
– ಕಬಡ್ಡಿ ಅಭಿಮಾನಿ, ಮಂಡ್ಯ

ಉತ್ತರ: ಹೆಸರು ಬದಲಾಗಲಿಲ್ಲ ಅಷ್ಟೇ, ಒಂದು ರೀತಿಯಲ್ಲಿ ಹೋಗಿಯೇ ಬಂದಿದ್ದಾರೆ. 2017ರಲ್ಲಿ ಅವರ ತವರಿನ ಪಂದ್ಯಗಳು ನಾಗಪುರದಲ್ಲಿ ನಡೆದವು, 2018ರಲ್ಲಿ ಪುಣೆಯಲ್ಲಿ. ಪುಣೆಯನ್ನು ತವರು ಅಂದುಕೊಂಡು ಆಡಿದ ಆ ಸೀಸನ್ನಿನಲ್ಲೇ ಕಪ್ ಗೆದ್ದರು! ನೀವು ಮಂಡ್ಯದಲ್ಲಿ ಟಿವಿ ಮುಂದೆ ಕೂತು ಕೂಗಿದ್ದು ಅವರಿಗೆ ಕೇಳಿಸಿರಬೇಕು.