ಪ್ಲೇಟ್ ಸೇರಿಸುವ ಮುಂಚೆ ತಕ್ಕಡಿ ಹಿಡಿಯಿರಿ

ಪುಲ್-ಅಪ್ (ಬಾರ್‌ಗೆ ಜೋತುಬಿದ್ದು ಮೈಯನ್ನು ಮೇಲೆಳೆಯುವುದು), ಡಿಪ್ಸ್ (ಎರಡು ಹಿಡಿಕೆಗಳ ಮೇಲೆ ಕೈಯೂರಿ ಮೈ ಇಳಿಸಿ ಏರಿಸುವುದು) ಇನ್ನೂ ಬಾರದವರಿಗೆ, ತೂಕದ ಪ್ಲೇಟ್‌ಗಳ ಭಾರದಿಂದ ಕೆಳಗಿನಿಂದ ತಳ್ಳಿ ಆಸರೆ ಕೊಡುವ ಯಂತ್ರಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ‘ಆಸರೆ ಸಾಲುತ್ತಿಲ್ಲ, ಇನ್ನೆಷ್ಟು ಪ್ಲೇಟ್ ಹಾಕಲಿ?’ ಈ ಸಲ ಅದಕ್ಕೆ ಪೂರ್ತಿ ಉತ್ತರ ಕೊಟ್ಟಿದ್ದೇನೆ. ಉಳಿದವಕ್ಕೆ ಮಿಕ್ಕ ಜಾಗ.

ಪ್ರಶ್ನೆ: ಮಗನಿಗೆ 19 ವರ್ಷ. ದಿನಾ ಸಿಂಗಲ್ ಬಾರ್‌ಗೆ ಜೋತುಬಿದ್ದರೆ ಎತ್ತರ ಆಗುತ್ತಾನಾ? ಜಿಮ್‌ನವರು ಜೊತೆಗೊಂದು ಪುಡಿಯನ್ನೂ ಕೊಟ್ಟಿದ್ದಾರೆ.

ಇಲ್ಲ. ಮೂಳೆಯ ಬೆಳವಣಿಗೆಯ ಪದರ ಮುಚ್ಚಿಕೊಂಡ ಮೇಲೆ ಎಷ್ಟು ಜೋತುಬಿದ್ದರೂ ಮೂಳೆ ಉದ್ದವಾಗುವುದಿಲ್ಲ. ಎತ್ತರಕ್ಕೆಂದು ಪುಡಿ ಮಾರುವುದು ಮೋಸ. ಪುಡಿ ವಾಪಸ್ ಕೊಟ್ಟು ಹಣ ಕೇಳಿ.

ಪ್ರಶ್ನೆ: ನಮ್ಮದು ಸಣ್ಣ ಫ್ಯಾಬ್ರಿಕೇಷನ್ ಶೆಡ್. ಊರಿನ ಜಿಮ್‌ಗೆ ಪ್ಯಾಡ್ ಮೇಲೆ ಮಂಡಿಯೂರಿ ಪುಲ್-ಅಪ್, ಡಿಪ್ಸ್ ಮಾಡುವ ಯಂತ್ರ ಮಾಡಿಕೊಟ್ಟಿದ್ದೇವೆ. ಪ್ಯಾಡನ್ನು ಫ್ರೇಮಿಗೆ ಸೇರಿಸಲು ಒಂದರ ಮೇಲೊಂದು ಎರಡು ಆರ್ಮ್ (ತೋಳಿನಂಥ ಪೈಪ್), ಉದ್ದ 80 ಸೆಂ.ಮೀ., ನಟ್ಟನಡುವೆ ಪುಲ್ಲಿ ಮೇಲಿಂದ ಪ್ಲೇಟ್‌ಗಳಿಗೆ ಹೋಗುವ ಕೇಬಲ್. 60 ಕೆ.ಜಿ. ಪ್ಲೇಟ್ ಎತ್ತುವಂತೆ ಪಿನ್ ಹಾಕಿದರೆ ಲೆಕ್ಕದ ಪ್ರಕಾರ 30 ಕೆ.ಜಿ. ಆಸರೆ ಸಿಗಬೇಕು. ಆದರೆ ಮೇಲೇರುವಾಗ ಅರ್ಧವೂ ಸಿಗುತ್ತಿಲ್ಲ, ಇಳಿಯುವಾಗ ಮಾತ್ರ ಪ್ಯಾಡ್ ಬಲವಾಗಿ ತಳ್ಳುತ್ತದೆ ಅನ್ನುತ್ತಾರೆ. ಎರಡು ಸಲ ಪ್ಯಾಡ್ ಚಿಮ್ಮಿ ಗದ್ದಕ್ಕೆ ಹೊಡೆದಿದೆ. ಇನ್ನೂ 40 ಕೆ.ಜಿ. ಪ್ಲೇಟ್ ಸೇರಿಸಿದರೆ ಸರಿಹೋಗುತ್ತದಾ?

ಮೊದಲು ಆ ಯಂತ್ರಕ್ಕೆ ಚೈನು ಸುತ್ತಿ ಬೀಗ ಹಾಕಿಸಿ. ಎರಡು ಸಲ ಗದ್ದಕ್ಕೆ ಹೊಡೆದ ಯಂತ್ರವನ್ನು ಮೂರನೆಯವರಿಗೆ ಕೊಡಬಾರದು. ಪ್ಲೇಟ್ ಸೇರಿಸುವ ಮಾತು ಬಿಡಿ. ಅದರಿಂದ ಆಸರೆ ಒಂದಿಷ್ಟು ಹೆಚ್ಚುತ್ತದೆ, ಚಿಮ್ಮುವ ರಭಸವೂ ಅದರ ಜೊತೆಗೇ ಹೆಚ್ಚುತ್ತದೆ, ಕಾರಣ ಇದ್ದಲ್ಲೇ ಇರುತ್ತದೆ.

ಅಳೆಯದೆ ಏನನ್ನೂ ಬದಲಾಯಿಸಬೇಡಿ. ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ತನ್ನಿ. ಪ್ಯಾಡಿನ ನಡುಮಧ್ಯಕ್ಕೆ ಹಗ್ಗ ಕಟ್ಟಿ, ತಕ್ಕಡಿಯ ಮೂಲಕ ನೇರ ಕೆಳಕ್ಕೆ, ನಿಧಾನವಾಗಿ ಎಳೆಯಿರಿ. ಪ್ಯಾಡ್ ಇಳಿಯುತ್ತಿರುವಾಗ ತಕ್ಕಡಿ ತೋರಿಸುವುದನ್ನು ಬರೆದುಕೊಳ್ಳಿ. ಹಾಗೇ ನಿಧಾನವಾಗಿ ಮೇಲಕ್ಕೆ ಬಿಡುತ್ತಾ ಇನ್ನೊಮ್ಮೆ ಬರೆದುಕೊಳ್ಳಿ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರದಲ್ಲಿ ಅಳೆಯಿರಿ. ಎರಡು ಅಂಕಿ ಕೂಡಿಸಿ ಅರ್ಧ ಮಾಡಿದರೆ ನಿಜವಾದ ಆಸರೆ. ಕಳೆದು ಅರ್ಧ ಮಾಡಿದರೆ ಘರ್ಷಣೆ.

ನೀವು ಹೇಳಿದ ಲಕ್ಷಣಕ್ಕೆ ಹೊಂದುವ ಒಂದು ಲೆಕ್ಕ ನೋಡಿ. ಇಳಿಯುವಾಗ 28, ಏರುವಾಗ 15 ಬಂತು ಅಂದುಕೊಳ್ಳಿ. ನಿಜವಾದ ಆಸರೆ 21.5 ಕೆ.ಜಿ., ಘರ್ಷಣೆ 6.5 ಕೆ.ಜಿ. ಬರಬೇಕಾದ 30ರಲ್ಲಿ 8.5 ಎಲ್ಲಿ ಹೋಯಿತು? ಅದು ಆರ್ಮ್ ಮತ್ತು ಪ್ಯಾಡಿನ ಸ್ವಂತ ತೂಕ. 50×50×3 ಮಿ.ಮೀ. ಬಾಕ್ಸ್ ಪೈಪ್ ಮೀಟರಿಗೆ 4 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. 80 ಸೆಂ.ಮೀ.ನ ಎರಡು ಆರ್ಮ್ ಸೇರಿ ಸುಮಾರು 7 ಕೆ.ಜಿ., ಅದರ ಅರ್ಧ ಪ್ಯಾಡಿನ ತುದಿಗೆ ಬೀಳುತ್ತದೆ. ಪ್ಲೈವುಡ್, ಫೋಮ್, ಬ್ರಾಕೆಟ್ ಸೇರಿ 5 ಕೆ.ಜಿ. ಇದ್ದರೆ ಅದು ಪೂರ್ತಿ ಬೀಳುತ್ತದೆ. ಪಿನ್ ಎಲ್ಲಿ ಹಾಕಿದರೂ ಈ 8.5 ಕೆ.ಜಿ. ಕಳೆದೇ ಹೋಗುತ್ತದೆ. 20 ಕೆ.ಜಿ.ಗೆ ಪಿನ್ ಹಾಕಿದವರಿಗೆ ಪ್ಯಾಡ್ ಸತ್ತಂತೆ ಅನ್ನಿಸುವುದು ಇದೇ ಕಾರಣಕ್ಕೆ.

ಪರಿಹಾರ: ಪ್ಲೇಟ್ ಸಾಲಿನ ಮೇಲಿರುವ ತಲೆ ಪ್ಲೇಟಿಗೆ, ಲೆಕ್ಕಕ್ಕೆ ಸೇರಿಸದೆ, 17 ಕೆ.ಜಿ. ಶಾಶ್ವತವಾಗಿ ಬೋಲ್ಟ್ ಮಾಡಿ. ಕೇಬಲ್ ನಡುವೆ ಇರುವುದರಿಂದ 8.5ಕ್ಕೆ ಎರಡರಷ್ಟು ಬೇಕು. ಈ ಯಂತ್ರಕ್ಕೆ ಸೇರಿಸಬೇಕಾದ ತೂಕ ಇದೊಂದೇ. ಸರಿಯಾಗಿದ್ದರೆ, ಪಿನ್ ತೆಗೆದಾಗ ಖಾಲಿ ಪ್ಯಾಡ್ ಯಾವ ಎತ್ತರದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ.

ಇನ್ನು ಘರ್ಷಣೆ. ಏರುವಾಗ ಪ್ಲೇಟ್ ಇಳಿಯುತ್ತಿರುತ್ತದೆ, ಘರ್ಷಣೆ ಅದನ್ನು ಹಿಡಿದಿಡುತ್ತದೆ, ಅಷ್ಟು ಆಸರೆ ಕಡಿಮೆ. ಇಳಿಯುವಾಗ ಪ್ಲೇಟ್ ಏರಬೇಕು, ಘರ್ಷಣೆ ಅದಕ್ಕೂ ಅಡ್ಡಬರುತ್ತದೆ, ಅಷ್ಟು ಆಸರೆ ಹೆಚ್ಚು. ಅಂದರೆ ಬೇಕಾದಾಗ ಇಲ್ಲ, ಬೇಡವಾದಾಗ ಇದೆ. ಇಳಿಯುವಾಗ ಸ್ವಂತ ತೂಕವನ್ನು ತಡೆಹಿಡಿದೇ ಹೊಸಬರು ಬಲ ಪಡೆಯುವುದು, ಅದನ್ನೇ ಇದು ಕಸಿದುಕೊಳ್ಳುತ್ತದೆ. ಹಾಗಾಗಿ ಘರ್ಷಣೆಯನ್ನು ‘ಗ್ರೀಸ್ ಹಾಕಿದರೆ ಆಯಿತು’ ಎಂದು ತಳ್ಳಿಹಾಕಬೇಡಿ.

ಹುಡುಕಬೇಕಾದ ಜಾಗ ಮೂರು. ಮೊದಲು ಪುಲ್ಲಿ. ಬೇರಿಂಗ್ ಇಲ್ಲದ 50 ಮಿ.ಮೀ. ಪುಲ್ಲಿ ಹಾಕಿದ್ದರೆ ತೆಗೆದು ಬಿಸಾಡಿ. 4.8 ಮಿ.ಮೀ. ದಪ್ಪದ, 7×19 ಎಳೆಯ (ತಲಾ 19 ತಂತಿಯ 7 ಎಳೆ ಹೊಸೆದ), ಮೇಲೆ ನೈಲಾನ್ ಪದರವಿರುವ ಕೇಬಲ್‌ಗೆ 110 ಮಿ.ಮೀ. ಆಸುಪಾಸಿನ, ಬೇರಿಂಗ್ ಇರುವ ಪುಲ್ಲಿಯೇ ಬೇಕು. ಸಣ್ಣ ಪುಲ್ಲಿ ಮೇಲೆ ಕೇಬಲ್ ಪ್ರತಿ ಸಲ ಚೂಪಾಗಿ ಬಾಗಿ, ಹೊರಗೆ ಏನೂ ಕಾಣದಂತೆ ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಪುಲ್ಲಿಗಳ ಸಂಖ್ಯೆಯನ್ನೂ ಕಡಿಮೆ ಮಾಡಿ. ಒಂದೊಂದರಲ್ಲಿ ನೂರಕ್ಕೆ 5 ಹೋದರೂ ನಾಲ್ಕು ದಾಟುವಷ್ಟರಲ್ಲಿ 81 ಮಾತ್ರ ಉಳಿಯುತ್ತದೆ.

ಎರಡನೆಯದು ಪ್ಲೇಟ್ ಜಾರುವ ಗೈಡ್ ರಾಡ್. ಎರಡು ರಾಡ್ ನಡುವಿನ ಅಂತರ ಮೇಲೆ ಒಂದು, ಕೆಳಗೆ ಇನ್ನೊಂದು ಇದ್ದರೆ ಪ್ಲೇಟ್ ಕಚ್ಚಿಕೊಳ್ಳುತ್ತದೆ. ವೆಲ್ಡಿಂಗ್ ಆದ ಮೇಲೆ ಮತ್ತೆ ಅಳೆಯಿರಿ, ವೆಲ್ಡಿಂಗ್ ಬಿಸಿಗೆ ಫ್ರೇಮ್ ಎಳೆದುಕೊಂಡಿರುತ್ತದೆ. ಕ್ರೋಮ್ ರಾಡ್, ಪ್ಲೇಟ್ ತೂತಿಗೆ ನೈಲಾನ್ ಬುಷ್, ಸಿಲಿಕೋನ್ ಸ್ಪ್ರೇ. ಇಲ್ಲಿ ಗ್ರೀಸ್ ಬೇಡವೇ ಬೇಡ, ಅದು ಧೂಳು ಹಿಡಿದು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಮೂರನೆಯದು ಪಿವಟ್, ಅಂದರೆ ಆರ್ಮ್ ತಿರುಗುವ ಕೀಲು. ಪೈಪಿನೊಳಗೆ ಬೋಲ್ಟ್ ತೂರಿಸಿ ಅದನ್ನೇ ಪಿವಟ್ ಅನ್ನುವ ಅಭ್ಯಾಸ ನಮ್ಮ ಶೆಡ್‌ಗಳಲ್ಲಿ ಹೋಗಬೇಕು. ತೂತು ಮೊಟ್ಟೆಯಾಕಾರಕ್ಕೆ ಸವೆದು ಪ್ಯಾಡ್ ಅಡ್ಡಡ್ಡ ಅಲುಗಾಡುತ್ತದೆ. 20 ಮಿ.ಮೀ. ಶಾಫ್ಟ್, ಪ್ರತಿ ಪಿವಟ್‌ಗೆ ಎರಡು 6204 ಬೇರಿಂಗ್, ಅವೆರಡರ ನಡುವೆ ಕನಿಷ್ಠ 20 ಸೆಂ.ಮೀ. ಅಂತರ. ಜನ ಪ್ಯಾಡ್ ಹತ್ತುವಾಗ ಮೊದಲು ಒಂದೇ ಮಂಡಿ ಇಡುತ್ತಾರೆ, ಆಗಿನ ತಿರುಚನ್ನು ತಡೆಯುವುದು ಈ ಅಂತರವೇ.

ಕೇಬಲನ್ನು ಆರ್ಮಿನ ನಡುವೆ ಕಟ್ಟಿದ್ದು ಸರಿ. 2ಕ್ಕೆ 1ರ ಅನುಪಾತದಲ್ಲಿ ಪ್ಲೇಟ್ ಅರ್ಧ ವೇಗದಲ್ಲಿ ಚಲಿಸುತ್ತದೆ. ನೇರ ಕೇಬಲ್‌ಗೆ ಹೋಲಿಸಿದರೆ, ಅಷ್ಟೇ ಆಸರೆಗೆ, ಪ್ಲೇಟಿನ ಜಡತ್ವ ಪ್ಯಾಡಿಗೆ ಅರ್ಧದಷ್ಟೇ ತಟ್ಟುತ್ತದೆ. 5 ಕೆ.ಜಿ. ಪ್ಲೇಟಿನಿಂದ 2.5 ಕೆ.ಜಿ.ಯ ಮೆಟ್ಟಿಲು ಸಿಗುವುದು ಇನ್ನೊಂದು ಲಾಭ, ಕಲಿಯುವವರಿಗೆ ಅಷ್ಟು ಸಣ್ಣ ಮೆಟ್ಟಿಲೇ ಬೇಕು. ಆದರೆ ಕೇಬಲ್ ನೆಟ್ಟಗೆ ಮೇಲಕ್ಕೆ ಹೋಗಬೇಕು. ಆಗ ಮಾತ್ರ ಆರ್ಮ್ ಯಾವ ಕೋನದಲ್ಲಿದ್ದರೂ ಆಸರೆ ಬದಲಾಗುವುದಿಲ್ಲ. ಆರ್ಮ್ ಮೇಲೆ 30 ಡಿಗ್ರಿ, ಕೆಳಗೆ 30 ಡಿಗ್ರಿ ತಿರುಗಿದರೆ ಪ್ಯಾಡಿಗೆ 80 ಸೆಂ.ಮೀ. ಓಟ ಸಿಗುತ್ತದೆ, ಎತ್ತರದವರಿಗೂ ಸಾಕು. ಅಷ್ಟರಲ್ಲಿ ಕೇಬಲ್ ಕಟ್ಟಿದ ಜಾಗ ಅಡ್ಡಕ್ಕೆ 5 ಸೆಂ.ಮೀ.ನಷ್ಟು ಓಡಾಡುತ್ತದೆ. ಮೇಲಿನ ಪುಲ್ಲಿ ಆ ಓಡಾಟದ ನಡುವಿಗೆ ನೇರವಾಗಿ, ಅತಿ ಎತ್ತರದ ಸ್ಥಾನದಿಂದ ಕನಿಷ್ಠ 1 ಮೀಟರ್ ಮೇಲಿದ್ದರೆ ಓರೆ ಲೆಕ್ಕಕ್ಕೆ ಬರುವುದಿಲ್ಲ. ಪುಲ್ಲಿ ಹತ್ತಿರವಿದ್ದರೆ ಮೂರು ಎತ್ತರದ ಅಳತೆ ಮೂರು ತರ ಬಂದಿರುತ್ತದೆ.

ಪ್ಯಾಡ್ ಕೂಡ ಅಡ್ಡಕ್ಕೆ ಸುಮಾರು 10 ಸೆಂ.ಮೀ. ಓಡಾಡುತ್ತದೆ. ಅದರ ನಡುಗೆರೆಯ ಮೇಲೆ ಹಿಡಿಕೆಗಳು ಬರಲಿ. ಇಲ್ಲವಾದರೆ ಮಂಡಿ ಮುಂದಕ್ಕೆ ಹೋಗಿ ಸೊಂಟ ಬಾಗುತ್ತದೆ. ಎರಡು ಆರ್ಮ್‌ಗಳ ಪಿವಟ್ ಅಂತರವನ್ನೂ ನೋಡಿ. 12 ಸೆಂ.ಮೀ. ಇಟ್ಟರೆ 30 ಡಿಗ್ರಿಯಲ್ಲಿ ಪೈಪ್‌ಗಳ ನಡುವೆ 5.4 ಸೆಂ.ಮೀ. ಉಳಿಯುತ್ತದೆ, ಕೈ ಸಿಕ್ಕಿಕೊಂಡರೆ ಜಜ್ಜಿಹೋಗುತ್ತದೆ. 15 ಇಟ್ಟರೆ 8 ಉಳಿಯುತ್ತದೆ. ಕೈ ತಾಗುವ ಕಡೆಯಲ್ಲೆಲ್ಲ ಚಲಿಸುವ ಭಾಗಗಳ ನಡುವೆ 6 ಸೆಂ.ಮೀ.ಗಿಂತ ಕಡಿಮೆ ಬಿಡಬೇಡಿ.

ಈಗ ಚಿಮ್ಮುವ ವಿಷಯ. 30 ಕೆ.ಜಿ. ಆಸರೆ ಇರುವಾಗ, ಕೆಳಗಿನ ಸ್ಥಾನದಲ್ಲಿ ಮಂಡಿ ಜಾರಿದರೆ, 60 ಸೆಂ.ಮೀ. ಮೇಲೇರುವಷ್ಟರಲ್ಲಿ ಪ್ಯಾಡಿನ ವೇಗ ಸೆಕೆಂಡಿಗೆ 3 ಮೀಟರ್ ದಾಟಬಹುದು. ಅದು ಗದ್ದಕ್ಕೆ ಬಡಿದರೆ ಹಲ್ಲು ಉಳಿಯುವುದು ಅದೃಷ್ಟ. ಇದಕ್ಕೆ ಕಾರಿನ ಡಿಕ್ಕಿಯ ಗ್ಯಾಸ್ ಸ್ಪ್ರಿಂಗ್ ಹಾಕುವ ಮೇಸ್ತ್ರಿಗಳಿದ್ದಾರೆ. ಅದು ತಳ್ಳುವ ಸಾಧನ, ತಡೆಯುವ ಸಾಧನವಲ್ಲ. ದಿಕ್ಕು ತಪ್ಪಿ ಕೂತರೆ ಚಿಮ್ಮುವುದಕ್ಕೇ ಬಲ ಕೊಡುತ್ತದೆ. ಬೇಕಿರುವುದು ಎಣ್ಣೆಯ ಡ್ಯಾಂಪರ್, ಅದೂ ಪ್ಯಾಡ್ ಏರುವ ದಿಕ್ಕಿನಲ್ಲಿ ಮಾತ್ರ ತಡೆಯುವಂಥದ್ದು. ಎಣ್ಣೆ ಸಣ್ಣ ತೂತಿನಿಂದ ಹೋಗುವ ಡ್ಯಾಂಪರಿನಲ್ಲಿ ತಡೆ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ ನಿಧಾನದ ಪುಲ್-ಅಪ್‌ಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಚಿಮ್ಮಿದಾಗ ಹಿಡಿಯುತ್ತದೆ. ಮೇಲಿನ, ಕೆಳಗಿನ ಎರಡೂ ಕೊನೆಗೆ ದಪ್ಪ ರಬ್ಬರ್ ಸ್ಟಾಪ್ ಇರಲಿ.

ಡ್ಯಾಂಪರಿಗಿಂತ ಮುಖ್ಯವಾದದ್ದು ಹತ್ತಿ ಇಳಿಯುವ ಮೆಟ್ಟಿಲು, ನೀವು ಅದರ ಮಾತೇ ಎತ್ತಿಲ್ಲ. ಪ್ಯಾಡ್ ಪೂರ್ತಿ ಮೇಲಿರುವಾಗ ಪ್ಲೇಟ್‌ಗಳು ಕೆಳಗೆ ಕೂತಿರುತ್ತವೆ, ಚಿಮ್ಮಲು ಏನೂ ಉಳಿದಿರುವುದಿಲ್ಲ. ಹತ್ತುವುದು, ಇಳಿಯುವುದು ಎರಡೂ ಆ ಸ್ಥಾನದಲ್ಲೇ ಆಗಬೇಕು. ಅದಕ್ಕಾಗಿ ಪ್ಯಾಡಿನ ಎರಡೂ ಬದಿಗೆ, ಆ ಎತ್ತರದಲ್ಲಿ ಮಂಡಿಯೂರಿದವರ ಪಾದಕ್ಕೆ ಸುಲಭವಾಗಿ ಎಟುಕುವಂತೆ, 30 ಸೆಂ.ಮೀ. ಅಗಲದ ಚೆಕರ್ ಪ್ಲೇಟ್ ಮೆಟ್ಟಿಲು ಬೇಕು. ಕೊನೆಯ ಸಲ ಪೂರ್ತಿ ಮೇಲೇರಿ, ಒಂದು ಪಾದ ಮೆಟ್ಟಿಲಿಗೆ, ಆಮೇಲೆ ಇನ್ನೊಂದು, ಕೊನೆಗೆ ಕೈ ಬಿಡುವುದು. ಸುಸ್ತಾದವರು ಮೇಲೇರಲು ಆಗದೆ ಕೆಳಗೇ ಉಳಿದರೆ ಜೊತೆಗಿದ್ದವರು ಪ್ಯಾಡ್ ಒತ್ತಿಹಿಡಿದು ಇಳಿಸಬೇಕು. ಇದನ್ನು ಯಂತ್ರದ ಮೇಲೆ ಕನ್ನಡದಲ್ಲಿ, ದೂರದಿಂದ ಕಾಣುವ ಅಕ್ಷರದಲ್ಲಿ ಬರೆಸಿ. ‘ಹೆಚ್ಚು ಪ್ಲೇಟ್ ಹಾಕಿದರೆ ಹೆಚ್ಚು ಸುಲಭ’ ಅಂತಲೂ ಬರೆಸಿ. ಬೇರೆ ಯಂತ್ರಗಳಲ್ಲಿ ಇದು ತಿರುಗಾಮುರುಗಾ, ಹಾಗಾಗಿ ಹೊಸಬರು ಹಗುರ ಇರಲಿ ಎಂದು ಒಂದೇ ಪ್ಲೇಟ್ ಹಾಕಿ ದಬಕ್ಕನೆ ಜೋತುಬೀಳುತ್ತಾರೆ. ಪ್ಲೇಟ್ ಮೇಲೆ ಅದರ ತೂಕ ಬರೆಯಬೇಡಿ, ನೀವು ಅಳೆದ ಆಸರೆಯ ಕೆ.ಜಿ. ಬರೆಯಿರಿ. ಪಿನ್‌ಗೆ ದಾರ ಕಟ್ಟಿ, ತಾನಾಗಿ ಕಳಚದಂತೆ ಬಾಲ್ ಲಾಕ್ ಇರುವುದನ್ನೇ ಹಾಕಿ. ಅರ್ಧ ತೂರಿದ ಪಿನ್ ಕಳಚಿದರೆ ದೇಹದ ಪೂರ್ತಿ ಭಾರ ಒಂದೇ ಏಟಿಗೆ ಭುಜಕ್ಕೆ ಬೀಳುತ್ತದೆ.

ಕೇಬಲ್ ತುದಿಗೆ ಯು-ಬೋಲ್ಟ್ ಕ್ಲಾಂಪ್ ಹಾಕಿದ್ದರೆ, ಸ್ಯಾಡಲ್ (ಯು-ಬೋಲ್ಟ್ ಬಿಗಿಯುವ ತಳದ ತುಂಡು) ಭಾರ ಹೊರುವ ಕಡೆ, ಯು-ಬೋಲ್ಟ್ ಸುಮ್ಮನೆ ಉಳಿದ ತುದಿಯ ಕಡೆ ಬರಬೇಕು. ಕ್ಲಾಂಪ್ ಕೂರುವ ಜಾಗದ ನೈಲಾನ್ ಸುಲಿದಿರಬೇಕು. ಈ ಕೇಬಲ್ ತುಂಡಾಗಲು ಸುಮಾರು 1900 ಕೆ.ಜಿ. ಬೇಕು, ಆದರೆ ಪದರದ ಮೇಲೆ ಬಿಗಿದ ಕ್ಲಾಂಪ್ ಅದಕ್ಕಿಂತ ಬಹಳ ಮೊದಲೇ ಜಾರುತ್ತದೆ. ನೈಲಾನ್ ಒಡೆದು ತಂತಿ ಕಂಡ ದಿನವೇ ಕೇಬಲ್ ಬದಲಾಯಿಸಿ. ಟೇಪ್ ಸುತ್ತಿ ಮುಚ್ಚುವುದು ಅಪರಾಧ.

ಪ್ರಶ್ನೆ: ಪ್ಲೇಟ್ ಬದಲು ಸ್ಪ್ರಿಂಗ್ ಹಾಕಿದರೆ ಖರ್ಚು ಉಳಿಯುವುದಿಲ್ಲವೇ?

ಪ್ಯಾಡ್ ಮೇಲೇರಿದಂತೆ ಸ್ಪ್ರಿಂಗ್ ಸಡಿಲವಾಗಿ ಆಸರೆ ಇಳಿಯುತ್ತದೆ. ಓಟದ ನಾಲ್ಕರಷ್ಟು ಮೊದಲೇ ಎಳೆದು ಕೂರಿಸಿದರೂ ಮೇಲಕ್ಕೆ ಬರುವಷ್ಟರಲ್ಲಿ ಐದರಲ್ಲಿ ಒಂದು ಪಾಲು ಹೋಗಿರುತ್ತದೆ. ಅಷ್ಟು ಎಳೆದ ಸ್ಪ್ರಿಂಗ್ ಮುರಿದರೆ ಯಾರ ಮೈಗೆ ಬೀಳುತ್ತದೆ ಎಂದು ಯೋಚಿಸಿ. ಬೇಡ.

ಪ್ರಶ್ನೆ: 70 ಕೆ.ಜಿ. ಇರುವವರಿಗೆ ಪುಲ್-ಅಪ್ ಆಸರೆಗೆ ಯಾವ ಬಣ್ಣದ ರಬ್ಬರ್ ಬ್ಯಾಂಡ್?

ಬಣ್ಣಕ್ಕೆ ಅರ್ಥವಿಲ್ಲ, ಒಂದೊಂದು ಕಂಪನಿಗೆ ಒಂದೊಂದು. ಬಾರ್‌ಗೆ ಕಟ್ಟಿ, ನಿಮ್ಮ ಪಾದ ಬರುವ ಎತ್ತರಕ್ಕೆ ಎಳೆದು ತಕ್ಕಡಿಯಲ್ಲಿ ಅಳೆಯಿರಿ. ಆಮೇಲೆ ಗದ್ದ ಬಾರ್ ದಾಟಿದಾಗ ಪಾದ ಎಲ್ಲಿರುತ್ತದೋ ಅಲ್ಲಿಗೆ ಎಳೆದು ಅಳೆಯಿರಿ. ಎರಡನೆಯ ಅಂಕಿ ಎಷ್ಟು ಚಿಕ್ಕದು ಎಂದು ನೋಡಿದರೆ, ಬ್ಯಾಂಡಿನಲ್ಲೇ ಕಲಿತವರು ಕೊನೆಯ ಗೇಣಿನಲ್ಲಿ ಯಾಕೆ ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ತಿಳಿಯುತ್ತದೆ. ಬಿಸಿಲು, ಎಣ್ಣೆ, ಬೆವರು ರಬ್ಬರನ್ನು ತಿನ್ನುತ್ತವೆ. ಅಂಚಿನಲ್ಲಿ ಉಗುರಿನಷ್ಟು ಸೀಳು ಕಂಡರೂ ಕತ್ತರಿಸಿ ಬಿಸಾಡಿ, ಇನ್ನೊಬ್ಬರಿಗೆ ಕೊಡಬೇಡಿ. ಅದು ಕಿತ್ತು ಬರುವುದು ಕಣ್ಣಿನ ಕಡೆಗೇ.

ಪ್ರಶ್ನೆ: ಬಾಗಿಲಿನ ಚೌಕಟ್ಟಿಗೆ ತಿರುಗಿಸಿ ಬಿಗಿಯುವ ಬಾರ್‌ಗೆ ಬ್ಯಾಂಡ್ ಕಟ್ಟಬಹುದೇ?

ಬೇಡ. ಬರೀ ಒತ್ತಡದಲ್ಲಿ ನಿಂತ ಬಾರ್ ಅದು.

ಪ್ರಶ್ನೆ: ಡಿಪ್ಸ್ ಮಾಡುವಾಗ ಭುಜ ಟಕ್ ಅನ್ನುತ್ತದೆ, ಮುಂಭಾಗದಲ್ಲಿ ನೋವು. ಎಣ್ಣೆ ಹಚ್ಚಿ ಎಳೆದು ಕೂರಿಸುವವರ ಹತ್ತಿರ ಹೋಗಲೇ?

ಖಂಡಿತ ಹೋಗಬೇಡಿ. ನೋವಿಲ್ಲದ ಸದ್ದಿಗೆ ಹೆದರಬೇಕಿಲ್ಲ. ನೋವಿರುವ ಭುಜವನ್ನು ಎಳೆಸಿದರೆ ಒಳಗಿನ ಸಣ್ಣ ಸೀಳು ದೊಡ್ಡದಾಗಬಹುದು. ಡಿಪ್ಸ್ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ. ರಾತ್ರಿ ನೋವು ಎಬ್ಬಿಸುತ್ತಿದ್ದರೆ, ಕೈ ಎತ್ತಲು ಬಲ ಸಾಲದಿದ್ದರೆ ತಡ ಮಾಡಬೇಡಿ. ಮತ್ತೆ ಶುರು ಮಾಡಲು ಅವರು ಒಪ್ಪಿದ ಮೇಲೆ, ತೋಳಿನ ಮೇಲ್ಭಾಗ ನೆಲಕ್ಕೆ ಸಮನಾಗುವಷ್ಟೇ ಇಳಿಯಿರಿ. ಯಂತ್ರದಲ್ಲಾದರೆ ಆ ಎತ್ತರದಲ್ಲಿ ಪ್ಯಾಡ್ ನಿಲ್ಲುವಂತೆ ಕೆಳಗಿನ ರಬ್ಬರ್ ಸ್ಟಾಪನ್ನು ಮೇಲಕ್ಕೆ ಸರಿಸಿಕೊಳ್ಳಿ. ಅದನ್ನು ಸರಿಸಲು ಬಾರದಂತೆ ವೆಲ್ಡ್ ಮಾಡಿದ್ದರೆ ಮಾಡಿಕೊಟ್ಟವರಿಂದ ಬಿಚ್ಚಿಸಿ, 5 ಸೆಂ.ಮೀ.ಗೊಂದು ತೂತು ಕೊರೆಸಿ ಬೋಲ್ಟ್ ಹಾಕಿಸಿ.