ಬಿಚ್ಚಿ ಕಟ್ಟಿಸಿದ ಎಂಜಿನ್‌ನಲ್ಲಿ ಟ್ಯಾಪೆಟ್ ಬೇಗ ಸವೆಯುವುದೇಕೆ?

ಪ್ರಶ್ನೆ: ನಮ್ಮ ತಂದೆಯವರ ಕಾಲದ, 1978ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಕಾರಿನ ಎಂಜಿನನ್ನು ಕಳೆದ ಬೇಸಿಗೆಯಲ್ಲಿ ಪೂರ್ತಿ ಬಿಚ್ಚಿ ಕಟ್ಟಿಸಿದೆವು. ಬೋರಿಂಗ್ ಆಗಿ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹೊಸತು ಬಂದವು. ಕ್ಯಾಮ್‌ಶಾಫ್ಟನ್ನು ಗ್ರೈಂಡ್ ಮಾಡಿಸಿ, ಟ್ಯಾಪೆಟ್‌ಗಳು ನೋಡಲು ಚೆನ್ನಾಗಿದ್ದುದರಿಂದ ಹಳೆಯವನ್ನೇ ಹಾಕಿದರು. ಪೇಂಟ್ ಕೆಲಸ ತಡವಾಗಿ ಎಂಜಿನ್ ಮಳೆಗಾಲವಿಡೀ ಶೆಡ್ಡಿನಲ್ಲೇ ಇದ್ದು, ಚೌತಿ ಕಳೆದ ಮೇಲೆ ಸ್ಟಾರ್ಟ್ ಆಯಿತು. 2,500 ಕಿ.ಮೀ. ಓಡುವಷ್ಟರಲ್ಲಿ ಟಕಟಕ ಸದ್ದು ಆರಂಭವಾಗಿದೆ. ಎರಡು ಬಾರಿ ಟ್ಯಾಪೆಟ್ ಸೆಟ್ ಮಾಡಿಸಿದರೂ ವಾಲ್ವ್ ಮತ್ತು ರಾಕರ್ ನಡುವಿನ ಬಿಡುವು ಮತ್ತೆ ಹೆಚ್ಚುತ್ತಿದೆ, ಏರಿನಲ್ಲಿ ಎಳೆತವಿಲ್ಲ, ತೆಗೆದ ಆಯಿಲ್‌ನಲ್ಲಿ ಮಿನುಗುವ ಪುಡಿಯಿತ್ತು. ಆಯಿಲ್ ಪ್ರೆಶರ್ ಮಾತ್ರ ಸರಿಯಾಗಿದೆ. ಒಬ್ಬ ಮೆಕ್ಯಾನಿಕ್ ಆಯಿಲ್ ಸರಿಯಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಎಥನಾಲ್ ಬೆರೆತ ಪೆಟ್ರೋಲ್ ಕಾರಣ ಎನ್ನುತ್ತಾರೆ. ಏನು ಮಾಡಬೇಕು?
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಆಯಿಲನ್ನೂ ಪೆಟ್ರೋಲನ್ನೂ ಸದ್ಯಕ್ಕೆ ಬದಿಗಿಡಿ. ಗ್ರೈಂಡ್ ಮಾಡಿದ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ ಜೋಡಿಸಿದ್ದು ಮತ್ತು ಕಟ್ಟಿದ ಎಂಜಿನ್ ಮಳೆಗಾಲವಿಡೀ ಸುಮ್ಮನಿದ್ದದ್ದು, ಈ ಎರಡು ಸಂಗತಿಗಳೇ ನನ್ನ ಅನುಮಾನವನ್ನು ಸೆಳೆಯುತ್ತವೆ.

ನಿಮ್ಮ ಕಾರಿನ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ವಿನ್ಯಾಸದ್ದು. ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿದ್ದು, ಅದರ ಉಬ್ಬುಗಳ ಮೇಲೆ ಕೂತ ಟ್ಯಾಪೆಟ್‌ಗಳು ಪುಶ್‌ರಾಡ್ ಎಂಬ ಉದ್ದ ಕಡ್ಡಿಗಳ ಮೂಲಕ, ವಾಲ್ವ್ ತೆರೆಯುವ ರಾಕರ್‌ಗಳನ್ನು ಎತ್ತುತ್ತವೆ. ಇಂಥ ಎಂಜಿನ್‌ಗಳಲ್ಲಿ ಟ್ಯಾಪೆಟ್ ಮೇಲೆ ಕೆಳಗೆ ಆಡುವುದರ ಜೊತೆಗೆ ತನ್ನ ಗೂಡಿನಲ್ಲಿ ಮೆಲ್ಲಗೆ ತಿರುಗುತ್ತಲೂ ಇರಬೇಕು. ಹಾಗೆ ತಿರುಗಲೆಂದೇ ಅದರ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಹಳೆಯ ಕ್ಯಾಮ್‌ನ ಜೊತೆ ವರ್ಷಗಟ್ಟಲೆ ಓಡಿ ತಳ ಚಪ್ಪಟೆಯಾದ ಟ್ಯಾಪೆಟನ್ನು ಹೊಸದಾಗಿ ಗ್ರೈಂಡ್ ಮಾಡಿದ ಮೈಯ ಮೇಲೆ ಕೂರಿಸಿದರೆ ಅದು ತಿರುಗದೆ ಒಂದೇ ಗೆರೆಯಲ್ಲಿ ಉಜ್ಜಿಕೊಳ್ಳುತ್ತದೆ, ಮತ್ತು ಆಗ ಎರಡೂ ಒಂದನ್ನೊಂದು ತಿನ್ನುತ್ತವೆ. ನೋಡಲು ಚೆನ್ನಾಗಿದೆ ಎಂಬುದು ಟ್ಯಾಪೆಟ್‌ನ ವಿಷಯದಲ್ಲಿ ಪ್ರಮಾಣವೇ ಅಲ್ಲ. ಎರಡು ಟ್ಯಾಪೆಟ್‌ಗಳ ತಳಕ್ಕೆ ತಳ ತಾಗಿಸಿ ಹಿಡಿದಾಗ ಅವು ತುಸು ಹೊಯ್ದಾಡಿದರೆ ಉಬ್ಬು ಉಳಿದಿದೆ, ಅಲುಗದೆ ಕೂತರೆ ಹೋಗಿದೆ. ಗ್ರೈಂಡಿಂಗ್‌ನಲ್ಲಿ ಕ್ಯಾಮ್‌ನ ಗಟ್ಟಿಯಾದ ಮೇಲ್ಪದರವೇ ಕಳೆದುಹೋಗಿರುವ ಸಾಧ್ಯತೆಯೂ ಇದೆ.

ಪ್ರೆಶರ್ ಸರಿಯಿದೆಯೆಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೇರಿಂಗ್‌ಗಳಿಗೆ ಆಯಿಲ್ ಪಂಪಿನ ಒತ್ತಡದಿಂದ ಹೋಗುತ್ತದೆ. ಕ್ಯಾಮ್‌ನ ಉಬ್ಬುಗಳಿಗಾದರೋ ಮೇಲಿನಿಂದ ಇಳಿದುಬರುವ ಮತ್ತು ಕ್ರ್ಯಾಂಕ್ ತಿರುಗುವಾಗ ಸಿಡಿಯುವ ಆಯಿಲೇ ಗತಿ. ಆದ್ದರಿಂದ ಕಟ್ಟಿದ ಎಂಜಿನನ್ನು ಮೊದಲ ಬಾರಿ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಟ್ಟು, ಟೈಮಿಂಗ್ ನೋಡುತ್ತ ಕಾರ್ಬ್ಯುರೇಟರ್ ತಿರುಗಿಸುತ್ತ ಕೂರುವುದು ನಮ್ಮ ಗ್ಯಾರೇಜುಗಳಲ್ಲಿ ಎಷ್ಟೇ ರೂಢಿಯಲ್ಲಿದ್ದರೂ ಕ್ಯಾಮ್‌ಗೆ ಅದಕ್ಕಿಂತ ಕೆಟ್ಟ ಉಪಚಾರವಿಲ್ಲ. ನಿಮ್ಮಲ್ಲಿ ಇದರ ಜೊತೆಗೆ ಮಳೆಗಾಲವೂ ಸೇರಿದೆ. ಜೋಡಿಸುವಾಗ ಬರೀ ಎಂಜಿನ್ ಆಯಿಲ್ ಸವರಿದ್ದರೆ ತಿಂಗಳುಗಳಲ್ಲಿ ಅದು ಉಬ್ಬುಗಳಿಂದ ಜಾರಿ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಸೇರಿರುತ್ತದೆ. ಕರಾವಳಿಯ ಉಪ್ಪುಗಾಳಿ ಮತ್ತು ಆಷಾಢದ ತೇವಕ್ಕೆ ಬರಿ ಕಬ್ಬಿಣ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.

ಇದು ಊಹೆಯಾಗಿಯೇ ಉಳಿಯಬಾರದು. ಟ್ಯಾಪೆಟ್‌ನ ತಳ ಅಥವಾ ರಾಕರ್‌ನ ತುದಿ ಸವೆದರೆ ಬಿಡುವು ಹೆಚ್ಚುತ್ತದೆ. ವಾಲ್ವ್ ತಾನು ಕೂರುವ ಸೀಟಿನೊಳಗೆ ಸವೆದು ಇಳಿದರೆ ಬಿಡುವು ಕಡಿಮೆಯಾಗುತ್ತದೆ. ಆ ಸೀಟುಗಳನ್ನು ಸವೆತದಿಂದ ಕಾಯುತ್ತಿದ್ದ ಸೀಸವಿರುವ ಪೆಟ್ರೋಲ್ 2000ದಲ್ಲಿ ದೇಶದಲ್ಲಿ ನಿಂತ ಮೇಲೆ ಹಳೆಯ ಕಾರುಗಳ ಎಲ್ಲ ಕಾಯಿಲೆಗೂ ಸೀಟುಗಳನ್ನೇ ದೂರುವ ಅಭ್ಯಾಸವೊಂದಿದೆ, ನಿಮ್ಮ ಲಕ್ಷಣ ಅದಕ್ಕೆ ತದ್ವಿರುದ್ಧವಾಗಿದೆ. ಕ್ಯಾಮ್‌ನ ತುದಿ ಮಾತ್ರ ಸವೆದಿದ್ದರೆ ಫೀಲರ್ ಗೇಜ್‌ಗೆ ಅದು ಸಿಗುವುದೇ ಇಲ್ಲ, ಏಕೆಂದರೆ ಆ ತೆಳು ತಗಡಿನಿಂದ ಬಿಡುವನ್ನು ಅಳೆಯುವುದು ತುದಿಗೆ ಎದುರಿನ, ಉಬ್ಬಿನ ಬೆನ್ನ ಮೇಲೆ. ಆದ್ದರಿಂದ ಸೂಕ್ಷ್ಮ ಚಲನೆ ಅಳೆಯುವ ಡಯಲ್ ಗೇಜನ್ನು ಪುಶ್‌ರಾಡ್‌ನ ತುದಿಗೆ ನಿಲ್ಲಿಸಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತ ಎಂಟೂ ಪುಶ್‌ರಾಡ್‌ಗಳ ಎತ್ತುವಿಕೆಯನ್ನು ಬರೆದುಕೊಳ್ಳಿ. ಒಂದೆರಡು ಉಳಿದವಕ್ಕಿಂತ ಸ್ಪಷ್ಟವಾಗಿ ಕಡಿಮೆ ಎತ್ತಿದರೆ ಆ ಉಬ್ಬುಗಳು ಹೋಗಿವೆ.

ಈ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಇರುವ ಬದಿಯಲ್ಲೇ ಬ್ಲಾಕಿಗೆ ಎರಡು ಮುಚ್ಚಳಗಳಿದ್ದು, ಅವನ್ನು ತೆಗೆದು ಪುಶ್‌ರಾಡ್ ಎಳೆದರೆ ಹೆಡ್ ಬಿಚ್ಚದೆಯೇ ಟ್ಯಾಪೆಟ್ ಕೈಗೆ ಬರುತ್ತದೆ. ಆದರೆ ರಾಕರ್ ಶಾಫ್ಟಿನ ನಾಲ್ಕು ನಟ್‌ಗಳು ಹೆಡ್ಡನ್ನೂ ಹಿಡಿದಿರುವುದರಿಂದ, ಮೊದಲು ರೇಡಿಯೇಟರ್ ನೀರು ಇಳಿಸಿ, ಹೆಡ್ಡಿನ ಎಲ್ಲ ನಟ್‌ಗಳನ್ನೂ ಕ್ರಮವಾಗಿ ಸಡಿಲಿಸಬೇಕು. ಅವಸರಕ್ಕೆ ಆ ನಾಲ್ಕನ್ನೇ ಬಿಚ್ಚಿದರೆ ಹೆಡ್ ಬಾಗಬಹುದು. ತೆಗೆದ ಟ್ಯಾಪೆಟ್‌ನ ತಳದಲ್ಲಿ ಉದ್ದನೆಯ ಗೆರೆ ಅಥವಾ ತಗ್ಗು ಇದ್ದರೆ ಅದು ತಿರುಗಿಲ್ಲ. ಚುಕ್ಕಿಚುಕ್ಕಿಯಾಗಿ ಪದರ ಎದ್ದಿದ್ದರೆ ಲೋಹ ಅಥವಾ ತುಕ್ಕಿನ ದೋಷ. ವರ್ತುಲಾಕಾರದ ಗೀರುಗಳಿದ್ದರೆ ಟ್ಯಾಪೆಟ್ ತಿರುಗಿದೆ, ಆದರೆ ಆಯಿಲ್‌ನಲ್ಲಿ ಬೋರಿಂಗ್‌ನ ಪುಡಿಯೋ ಮುರಕಲ್ಲಿನ ಕೆಂಪು ಧೂಳೋ ಉಳಿದಿತ್ತು ಎಂದರ್ಥ.

ಆಯಿಲ್‌ನ ಪುಡಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಕ್ಯಾಮ್, ಟ್ಯಾಪೆಟ್ ಅಥವಾ ರಿಂಗಿನ ಕಬ್ಬಿಣ; ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್‌ನ ಲೋಹ. ಎಥನಾಲ್ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ ನಿಜ, ಕ್ಯಾಮ್ ತಿನ್ನುವುದಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆಯಿದ್ದು ಆಯಿಲ್ ಮಟ್ಟ ಏರಿದ್ದರೆ ಮಾತ್ರ ಪೆಟ್ರೋಲ್ ಪಂಪಿನ ಡಯಾಫ್ರಮ್ ಪರೀಕ್ಷಿಸಿ.

ಸವೆತ ಖಚಿತವಾದರೆ ಕ್ಯಾಮ್ ಮತ್ತು ಎಂಟೂ ಟ್ಯಾಪೆಟ್ ಹೊಸತು ಹಾಕಿಸಿ. ಅದಕ್ಕೂ ಮೊದಲು ಚೇಂಬರ್ ಇಳಿಸಿ ಬೇರಿಂಗ್ ಶೆಲ್ ಮತ್ತು ಆಯಿಲ್ ಪಂಪ್ ನೋಡಲೇಬೇಕು, ಯಾಕೆಂದರೆ ಆ ಪುಡಿ ಅಲ್ಲಿಗೂ ಹೋಗಿರುತ್ತದೆ. ಬ್ಲಾಕಿನ ಆಯಿಲ್ ದಾರಿಗಳ ಪ್ಲಗ್ ತೆಗೆಸಿ, ಬ್ರಶ್ಶಿನಿಂದ ಉಜ್ಜಿ, ಸೋಪಿನ ಬಿಸಿನೀರಿನಲ್ಲಿ ತೊಳೆಸಿ, ಒಣಗಿದ ತಕ್ಷಣ ಆಯಿಲ್ ಸವರಿಸಿ; ಡೀಸೆಲ್ ಚಿಮುಕಿಸಿ ಗಾಳಿ ಹೊಡೆದರೆ ಸಾಲದು.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಕೆಲಸ ಮುಗಿಯುತ್ತ ಬಂದಿದೆ. ಈಗಿನ ಆಯಿಲ್‌ಗಳಲ್ಲಿ ಜಿಂಕ್ ಕಡಿಮೆ, ಹಳೆಯ ಎಂಜಿನ್‌ಗೆ ಆಗುವುದಿಲ್ಲ ಎನ್ನುತ್ತಾರೆ. ಯಾವುದನ್ನು ಹಾಕಲಿ?
— ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಮಾತಿನಲ್ಲಿ ಅರ್ಧ ಸತ್ಯವಿದೆ. ಸವೆತ ತಡೆಯುವ ಜಿಂಕ್-ರಂಜಕದ ಸಂಯುಕ್ತದಿಂದ ಬರುವ ರಂಜಕವು ಆಯಿಲ್‌ನ ಶೇ. 0.08ನ್ನು ಮೀರಬಾರದೆಂಬ ಎ.ಪಿ.ಐ. (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌.ಎನ್. ದರ್ಜೆಯ ಮಿತಿ 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಆಯಿಲ್‌ಗಳಿಗೆ ಅನ್ವಯಿಸುತ್ತದೆ. 20ಡಬ್ಲ್ಯು-50ಕ್ಕೆ ಆ ಮಿತಿಯಿಲ್ಲ. ಆದ್ದರಿಂದ ಮಿನರಲ್ 20ಡಬ್ಲ್ಯು-50 ಕೊಳ್ಳಿ. ಕ್ಯಾಮ್‌ಗೂ ಟ್ಯಾಪೆಟ್‌ಗೂ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿಸಿ. ಸ್ಟಾರ್ಟರ್ ಸುಮ್ಮನೆ ತಿರುಗುತ್ತಲೇ ಇದ್ದರೆ ಆ ಪೇಸ್ಟ್ ಒರೆಸಿಹೋಗುವುದರಿಂದ ಟೈಮಿಂಗ್ ಮೊದಲೇ ಸರಿಯಿಟ್ಟು, ಕಾರ್ಬ್ಯುರೇಟರ್ ಬಟ್ಟಲಿಗೆ ಪೆಟ್ರೋಲ್ ತುಂಬಿಸಿಯೇ ಕೀ ತಿರುಗಿಸಿ. ಎಂಜಿನ್ ಹಿಡಿದ ಕೂಡಲೇ ನಿಮಿಷಕ್ಕೆ 2000ದಿಂದ 2500 ಸುತ್ತುಗಳ ವೇಗದಲ್ಲಿ ಸುಮಾರು 20 ನಿಮಿಷ ಓಡಿಸಬೇಕು. ಕಿವಿಯಂದಾಜು ನಂಬದೆ ಗ್ಯಾರೇಜಿನಿಂದ ಟ್ಯಾಕೋಮೀಟರ್ ಕೇಳಿ ತನ್ನಿ, ರೇಡಿಯೇಟರ್ ಮುಂದೆ ಫ್ಯಾನ್ ಇಡಿ. ಆಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, 500 ಕಿ.ಮೀ.ಗೆ ಮತ್ತೊಮ್ಮೆ ಬದಲಿಸುವಾಗ ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳಲ್ಲಿ ಕಬ್ಬಿಣದ ಪುಡಿಯಿದೆಯೇ ನೋಡಿ.